ಟೈಲರಣ್ಣನ ನಂಬರು

ಟೈಲರಣ್ಣನ ಗ್ರಹಚಾರ ಶುರುವಾದದ್ದು ಅವನು ಮೊಬೈಲ್ ಕೊಂಡ ದಿನದಿಂದ. ಸರ್ಕಾರದ ಸವಲತ್ತೆಲ್ಲ ಆನ್‌ಲೈನ್ ಆದಾಗ ಅರ್ಜಿಗೊಂದು ನಂಬರ್ ಬೇಕಾಯಿತು. ಅರ್ಧ ಊರು ಹಿಂದೆಮುಂದೆ ನೋಡದೆ ಇವನದನ್ನೇ ಬರೆಸಿತು. ಇವನೂ ಪುಣ್ಯಾತ್ಮ, ಬೇಡ ಅನ್ನಲಿಲ್ಲ. ಅಂದಿನಿಂದ ಯಾರದೋ ಪಿಂಚಣಿ, ಯಾರದೋ ಪಡಿತರ, ಯಾರದೋ ಒಟಿಪಿ, ಎಲ್ಲವೂ ಇವನ ಹೊಲಿಗೆ ಯಂತ್ರದ ಪಕ್ಕದಲ್ಲೇ ಟಿಣ್ ಟಿಣ್ ಅನ್ನತೊಡಗಿದವು.

ಆ ಬೆಳಿಗ್ಗೆ ಬಂದ ಮೆಸೇಜು ಓದಿ ಅವನ ಕಾಲು ಪೆಡಲ್ ಮೇಲೇ ನಿಂತಿತು. 'ಫಲಾನುಭವಿ ಮೃತಪಟ್ಟಿರುವುದರಿಂದ ಪಿಂಚಣಿ ನಿಲ್ಲಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಇಂದು ಸಂಜೆಯೊಳಗೆ ಖುದ್ದು ಹಾಜರಾಗಿ.' ಹೆಸರಿಲ್ಲ. ಅಯ್ಯೋ, ಸತ್ತವರು ಖುದ್ದು ಹಾಜರಾಗೋದು ಹೇಗೆ? ಬದುಕಿದ್ದರೆ ಅದು ಯಾರು? ಸಂಜೆಯಾದರೆ ಒಬ್ಬರ ಅನ್ನಕ್ಕೇ ಕಲ್ಲು ಬೀಳುತ್ತದಲ್ಲ!

ಅರ್ಧ ಹೊಲಿದ ಅಂಗಿ ಬಿಟ್ಟು, ಪಿಂಚಣಿ ಬರುವ ಮನೆಗಳನ್ನೆಲ್ಲ ಹೊಕ್ಕ. ಕಮ್ಮಾರನ ಅಪ್ಪ ಜಗಲಿಯಲ್ಲಿ ಅಲುಗಾಡದೆ ಮಲಗಿದ್ದ. ಮೂಗಿನ ಬಳಿ ಕೈ ಹಿಡಿದು ನೋಡಿದರೆ ಮುದುಕ ಕಣ್ಣು ಬಿಟ್ಟು, "ಏನೋ, ಅಳತೆ ತಗೊಳ್ತಿದ್ದೀಯಾ?" ಎಂದು ಗದರಿದ. ಹಾಲಿನಜ್ಜಿಗೆ "ಚೆನ್ನಾಗಿದ್ದೀಯಾ ಅಜ್ಜಿ?" ಎಂದರೆ, "ನಿನ್ನೆ ತಾನೇ ನಿನ್ನ ಜೊತೆ ಜಗಳ ಆಡಿದ್ನಲ್ಲೋ!" ಎಂದಳು. ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ. ಹಾಗಾದರೆ ಸತ್ತವರ್ಯಾರು? ತಾನೇ ಇರಬಹುದೇ ಎಂಬ ಅನುಮಾನ ಬಂದು, ಪಾಪ, ಕೈ ಚಿವುಟಿಕೊಂಡ.

ಬಿಸಿಲಲ್ಲಿ ಬಸವಳಿದು ಮನೆಗೆ ಬಂದಾಗ ಅಕ್ಕ ಮೂಲೆಯಲ್ಲಿ ಕೂತು ಗಿರಾಕಿಗಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ಪಿಂಚಣಿಯೊಂದೇ ಅವಳ ಸ್ವಂತದ್ದು. ಉಬ್ಬಸದ ಮಾತ್ರೆಗೂ ಯಾರ ಮುಂದೆಯೂ ಕೈಚಾಚಿದವಳಲ್ಲ.

"ಯಾರೋ ಸತ್ತಿದ್ದಾರಂತೆ ಅಕ್ಕ. ಯಾರು ಅಂತಾನೇ ಗೊತ್ತಾಗ್ತಿಲ್ಲ. ಒಂದು ಮನೇನೂ ಬಿಡದೆ ನೋಡ್ಕೊಂಡು ಬಂದೆ."

ಅಕ್ಕ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ನಂದೂ ನಿನ್ನ ನಂಬರೇ ಅಲ್ವೇನೋ?"

ಅವನು ಮೊಬೈಲ್ ತೆಗೆದು ಆ ಮೆಸೇಜನ್ನು ಮತ್ತೊಮ್ಮೆ ಓದಿದ.

"ಒಂದೇ ಸೂರಿನಡಿ ಇರೋ ತಮ್ಮನಿಗೇ ನಾನಿರೋದು ನೆನಪಾಗಲಿಲ್ಲ. ಇನ್ನು ಸರ್ಕಾರಕ್ಕೆ ಎಲ್ಲಿಂದ ನೆನಪಿರಬೇಕು, ಬಿಡು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ತಲೆ ತಗ್ಗಿಸಿ ಸೈಕಲ್ ಹೊರಗೆಳೆದ. ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಅಕ್ಕ ಹಿಂದೆ ಕೂತು, "ಅಲ್ಲಿ ಏನಂತ ಹೇಳ್ಬೇಕೋ ನಾನು?" ಎಂದಳು.

"ನೀನೇನೂ ಹೇಳ್ಬೇಡ," ಎಂದ. "ನನ್ನಕ್ಕ ಇದ್ದಾಳೆ ಅಂತ ನಾನು ಹೇಳ್ತೀನಿ."