ಬರುವ ಹಲ್ಲಿಗೆ ಹಿಡಿದಿಟ್ಟ ಜಾಗ

ಇಂದು ಬೆಳಿಗ್ಗೆ ನಮ್ಮ ಕಸ್ತೂರಿಗೆ ಹಲ್ಲು ಬಂತು. ಹತ್ತು ವರ್ಷದ ಮೊಮ್ಮಗಳಿಗೆ ಒಂದು ಹಲ್ಲು ಬಂದರೆ ಅದೇನು ದೊಡ್ಡ ಸುದ್ದಿ ಎಂದು ನೀವು ಕೇಳಬಹುದು. ಓಣಿಯವರೂ ಕೇಳಿದರು. ಆದರೂ ಆರು ಮನೆಗೆ ಸಕ್ಕರೆ ಹಂಚಿ ಬಂದಿದ್ದೇನೆ. ಏಳನೆಯ ಮನೆಗೆ ಸಕ್ಕರೆ ಸಾಲಲಿಲ್ಲ, ಬರೀ ಸುದ್ದಿ ಕೊಟ್ಟು ಬಂದೆ.

ನಾನು ಕಲಿತದ್ದು ಎರಡನೆಯ ಇಯತ್ತೆ. ಬರೆಯಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಇದನ್ನು ಮಾತ್ರ ಬರೆಯಲೇಬೇಕು, ಏಕೆಂದರೆ ತಪ್ಪು ನನ್ನದು.

ಅವಳಿಗೆ ಏಳು ವರ್ಷವಿದ್ದಾಗ ಒಂದು ದವಡೆ ಹಲ್ಲು ಹುಳುಕಾಯಿತು. ಅತ್ತಾಗಲೆಲ್ಲ ಕೈಗೆ ಬೆಲ್ಲದ ಚೂರು ಇಟ್ಟವಳೂ ನಾನೇ. ಹಾಲುಹಲ್ಲು ತಾನೆ, ಹೇಗೂ ಬೀಳುವುದೇ ಎಂದು ಮುದ್ದೇಬಿಹಾಳದ ಸಂತೆಯಲ್ಲಿ ಇಕ್ಕಳ ಹಿಡಿದು ಕೂತವನಿಂದ ಕೀಳಿಸಿದೆ. ಮನೆಗೆ ಬಂದು ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಸಿದೆ. ಹಾಗೆ ಒಗೆದರೆ ಹೊಸ ಹಲ್ಲು ಬೇಗ ಬರುತ್ತದೆಂಬುದು ನಮ್ಮ ನಂಬಿಕೆ. ಬಂದದ್ದು ಎಲ್ಲಿ ಕೂರಬೇಕು ಎಂದು ನಮ್ಮ ಹಿರಿಯರು ಯಾರೂ ಯೋಚಿಸಿದಂತಿಲ್ಲ.

ಎರಡು ವಾರಕ್ಕೆ ಇನ್ನೊಂದು ಹಲ್ಲು ನೋಯತೊಡಗಿತು. ಮಗ ಅವಳನ್ನು ವಿಜಾಪುರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ, ನಾನೂ ಹೋದೆ. ಡಾಕ್ಟರು ಆ ಹಲ್ಲಿಗೆ ಮದ್ದು ತುಂಬಿದವರು ಖಾಲಿ ಜಾಗ ಕಂಡು ಯಾರು ಕಿತ್ತರೆಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡೆ.

"ಆಯಿ, ಹಾಲ್ಹಲ್ಲು ಅಂತ ಸದರ ಮಾಡಬ್ಯಾಡ್ರಿ. ಅದರ ಕೆಳಗ ದೊಡ್ಡ ಹಲ್ಲು ಕಾಯ್ಕೋತ ಕುಂತೈತಿ. ಅದು ಬರಾಕ ಮೂರು ವರ್ಷ ಬೇಕು. ಅಷ್ಟರಾಗ ಬಾಜೂದವು ಸರದ್ರ ಅದು ಎಲ್ಲಿ ಕುಂದರಬೇಕ್ರಿ?"

ಇದು ನನಗೆ ತಟ್ಟನೆ ತಿಳಿಯಿತು. ನಾನು ವಾರವಾರ ಸಂತೆಯಲ್ಲಿ ಮೆಂತ್ಯ, ಪುಂಡಿಪಲ್ಲೆ ಮಾರುವವಳು. ಮೊದಲ ಬಸ್ಸಿಗೆ ಹೋಗಿ ಗೋಣಿತಟ್ಟು ಹಾಸದಿದ್ದರೆ ಎಡಗಡೆಯವಳ ಬುಟ್ಟಿ ಬಲಕ್ಕೆ, ಬಲಗಡೆಯವಳ ಬುಟ್ಟಿ ಎಡಕ್ಕೆ ಸರಿದು ನನಗೆ ಗೇಣು ನೆಲವೂ ಉಳಿಯುವುದಿಲ್ಲ. ಅವರೇನು ಕೆಟ್ಟವರಲ್ಲ. ಖಾಲಿ ಕಂಡರೆ ಸರಿಯುವುದು ಬುಟ್ಟಿಯ ಸ್ವಭಾವ, ಹಲ್ಲಿನದೂ ಅದೇ.

ಡಾಕ್ಟರು ಮಾಡಿದ್ದೂ ಗೋಣಿತಟ್ಟು ಹಾಸಿದಂಥ ಕೆಲಸವೇ. ಪಕ್ಕದ ಹಲ್ಲಿಗೆ ಬಳೆಯಂಥ ಪಟ್ಟಿ ತೊಡಿಸಿ, ಅದರಿಂದ ಖಾಲಿ ಜಾಗದ ಆಚೆಯ ಹಲ್ಲಿನವರೆಗೆ ಒಂದು ತಂತಿ ಬಾಗಿಸಿ ಕೂಡಿಸಿದರು. ಅಂಟುವಂಥದ್ದು, ಗಟ್ಟಿಯಾದದ್ದು ತಿನ್ನಬಾರದು ಎಂದರು. ತಂತಿ ಕಳಚಿದರೆ ಆವತ್ತೇ ಬರಬೇಕು, ಇಲ್ಲವಾದರೆ ಹೊಸ ಹಲ್ಲು ಸೊಟ್ಟ ಬರುತ್ತದೆ ಅಥವಾ ಒಳಗೇ ಉಳಿಯುತ್ತದೆ ಎಂದೂ ಹೇಳಿದರು.

ಆ ದಿನದಿಂದ ನಾನು ಕಾವಲುಗಾರ್ತಿಯಾದೆ. ಬೆಳಗಾದರೆ ಅಂಗಳದ ಬಿಸಿಲಿಗೆ ಅವಳ ಮುಖ ತಿರುಗಿಸಿ ಬಾಯಿ ತೆರೆಸುತ್ತಿದ್ದೆ. ನಾಗರಪಂಚಮಿ ಬಂದಾಗ ಮನೆಮನೆಯಿಂದ ಶೇಂಗಾ ಉಂಡಿ, ಎಳ್ಳುಂಡಿ ಬರುತ್ತಿದ್ದವು. ಉಂಡಿ ಬೇಡವೆಂದರೆ ನಮ್ಮಲ್ಲಿ ಮುಖ ತಿರುಗಿಸಿದಂತೆ. ತಾನು ಕೊಟ್ಟ ಉಂಡಿಯನ್ನು ನಾನು ಕಸ್ತೂರಿಯ ಕೈಯಿಂದ ತೆಗೆದುಕೊಂಡದ್ದು ಕಂಡು ನೆರೆಮನೆಯ ಮಲ್ಲವ್ವ ಕೇಳಿಯೇಬಿಟ್ಟಳು.

"ಏನ ಬೇ, ಮೊಮ್ಮಗಳ ಬಾಯಾಗ ಬಂಗಾರ ಇಟ್ಟೀಯೇನ?"

"ಬಂಗಾರ ಆಗಿದ್ರ ಇಷ್ಟು ಕಾಯ್ತಿದ್ದಿಲ್ಲ" ಎಂದೆ.

ಕಸ್ತೂರಿಯ ಕಣ್ಣು ತುಂಬಿತ್ತು. ಮಲ್ಲವ್ವನ ಉಂಡಿಯನ್ನು ಬಿಸಿ ಹಾಲಿನಲ್ಲಿ ಕಿವುಚಿ ಕುಡಿಸಿದೆ. ಮೂರು ಪಂಚಮಿ ಹೀಗೆ ಕುಡಿದೇ ಕಳೆದವು. ಬಾಯಿ ಚೆನ್ನಾಗಿ ಮುಕ್ಕಳಿಸುವವರೆಗೆ ಅವಳನ್ನು ಜೋಕಾಲಿಯ ಹತ್ತಿರವೂ ಬಿಡಲಿಲ್ಲ.

ನಡುವೆ ಅಂಜಿಕೆಯೂ ಬರುತ್ತಿತ್ತು. ಕೆಳಗೆ ಹಲ್ಲೇ ಇಲ್ಲದಿದ್ದರೆ? ನಾನು ಅವಸರಪಟ್ಟು ಕೀಳಿಸಿದ್ದಕ್ಕೆ ಅವಳು ಜೀವಮಾನವಿಡೀ ಒಂದೇ ಕಡೆ ಅಗಿಯಬೇಕಾದರೆ? ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಇಂದು ಬೆಳಿಗ್ಗೆ ತಂತಿಯ ನಡುವೆ ಜೋಳದ ಕಾಳಿನ ತುದಿಯಷ್ಟು ಬಿಳಿ ಕಂಡಿತು. ರೊಟ್ಟಿಯ ಚೂರಿರಬೇಕೆಂದು ಬೆರಳಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಗಟ್ಟಿಯಾಗಿ ಅಲ್ಲೇ ಕೂತಿತ್ತು. ನನಗೆ ಅಳು ಬಂತು, ಬೆರಳು ತೆಗೆಯುವುದನ್ನೇ ಮರೆತೆ. ಹುಡುಗಿ ಕಚ್ಚಿದಳು.

ಬರುವ ವಾರ ವಿಜಾಪುರಕ್ಕೆ ಹೋಗಿ ತಂತಿ ತೆಗೆಸಬೇಕು. ಸಕ್ಕರೆ ಹಂಚಿ ಬಂದು ಕೂತ ನನ್ನ ಬಾಯೊಳಗೆ ಕಸ್ತೂರಿ ತಾನೇ ಇಣುಕಿ ನೋಡಿದಳು.

"ಆಯಿ, ನಿನ್ನ ಬಾಯಾಗ ಎಷ್ಟ ಜಾಗಾ ಖಾಲಿ ಐತಿ! ನಿನಗೂ ತಂತಿ ಹಾಕಸೂಣೇನ?"

"ಬ್ಯಾಡವ್ವ, ಇಲ್ಲಿ ಇನ್ನ ಬರಾವ್ರು ಯಾರೂ ಇಲ್ಲ" ಎಂದೆ.

ಹಾಗೆಂದೆನಾದರೂ ಅದು ಪೂರ್ತಿ ನಿಜವಲ್ಲ. ಬೆಳಗಿನಿಂದ ಆ ಜಾಗವನ್ನೆಲ್ಲ ನಗುವೇ ಹಿಡಿದುಕೊಂಡು ಕೂತಿದೆ.