ಕಾಲು ಹಿಡಿದಾಗ ಮುಗಿದ ಕೈ

ಮೊದಲು ಮುಷ್ಕರ ಹೂಡಿದ್ದು ಬಲಗಾಲಿನ ಮೀನಖಂಡ.

ನಿವೃತ್ತಿಗೆ ಮುಂಚಿನ ಕೊನೆಯ ವರ್ಗಾವಣೆ ಎಂದು ಬ್ಯಾಂಕಿನವರು ಧಾರವಾಡದ ನನ್ನನ್ನು ವಿಜಯವಾಡಕ್ಕೆ ಕಳಿಸಿದ್ದರು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಬಾಡಿಗೆ ಮನೆ. ಒಂದು ಬೆಳಿಗ್ಗೆ ಬಸ್ ಸ್ಟಾಪಿನ ದಾರಿಯಲ್ಲಿ ಯಾರೋ ಮೀನಖಂಡವನ್ನು ಒದ್ದೆ ಬಟ್ಟೆಯಂತೆ ಹಿಂಡಿದಂತಾಯಿತು. ನಿಂತೆ. ಸ್ವಲ್ಪ ಹೊತ್ತಿಗೆ ಬಿಟ್ಟಿತು. ನಡೆದೆ. ಅಷ್ಟೇ ದೂರ ಹೋಗುವುದರೊಳಗೆ ಮತ್ತೆ ಹಿಡಿಯಿತು.

ನಡುಬೀದಿಯಲ್ಲಿ ಸುಮ್ಮನೆ ನಿಲ್ಲುವುದು ಬ್ರಾಂಚ್ ಮ್ಯಾನೇಜರನ ಘನತೆಗೆ ತಕ್ಕದ್ದಲ್ಲ. ಎದುರಿಗೆ ಬೇವಿನ ಮರದ ಬುಡದಲ್ಲಿ ಅಮ್ಮನವರ ಪುಟ್ಟ ಗುಡಿಯಿತ್ತು. ಬೂಟು ಕಳಚಿ, ಕೈ ಮುಗಿದು, ಕಣ್ಣು ಮುಚ್ಚಿದೆ. ದೇವರ ಮೇಲೆ ನನಗೆ ದ್ವೇಷವೇನಿಲ್ಲ, ಪರಿಚಯ ಕಡಿಮೆ. ನೋವು ಇಳಿಯಿತು. ಆ ಬೀದಿಯಲ್ಲಿ ಗುಡಿಗಳಿಗೆ ಬರವಿರಲಿಲ್ಲವಾದ್ದರಿಂದ ಮೀನಖಂಡ ಎಲ್ಲಿ ಹಿಡಿದರೂ ಯಾವುದೋ ಒಂದು ದೇವರು ಆಸರೆಗೆ ಸಿಗುತ್ತಿತ್ತು.

ಹೀಗೆ ನಾನು ಭಕ್ತನಾದೆ.

"ಏನ್ರೀ, ಮನ್ಯಾಗ ದೀಪಾ ಹಚ್ಚರಿ ಅಂದ್ರ ಪೇಪರ್ ಹಿಡಕೊಂಡು ಕೂಡತೀರಿ," ಎಂದಳು ನನ್ನ ಹೆಂಡತಿ ಪದ್ಮಾ. "ಬೀದ್ಯಾಗ ಗುಡಿ ಗುಡಿಗೂ ನಿಂದ್ರತೀರಂತ. ಓಣಿ ತುಂಬ ಅದ ಮಾತು."

ಆ ಮಾತನ್ನು ಹಬ್ಬಿಸಿದವರು ಪಕ್ಕದ ಮನೆಯ ವರಲಕ್ಷ್ಮಮ್ಮ, ಹೈಸ್ಕೂಲಿನಲ್ಲಿ ತೆಲುಗು ಕಲಿಸಿ ನಿವೃತ್ತರಾದವರು. ಒಂದು ದಿನ ಗುಡಿಯ ಮುಂದೆ ನನ್ನ ಕಣ್ಣು ತೆರೆಯುವುದನ್ನೇ ಕಾದು ನಿಂತಿದ್ದರು. "ಮ್ಯಾನೇಜರು ಗಾರೂ, ವಿಶಾಖಪಟ್ಟಣದಲ್ಲಿ ನನ್ನ ತಂಗಿಗೆ ಡಯಾಲಿಸಿಸ್ ನಡೀತಿದೆ. ನೀವು ನಿಂತಾಗ ಅವಳ ಮಾತೊಂದು ಅಮ್ಮನ ಕಿವಿಗೆ ಹಾಕಂಡಿ," ಎಂದರು.

"ಹಾಗೇ ಆಗಲಿ" ಎಂದೆ, ಮಠಾಧಿಪತಿಯ ಗಾಂಭೀರ್ಯದಲ್ಲಿ.

ಹಾಕಲಿಲ್ಲ. ಒಂದು ದಿನವೂ ಹಾಕಲಿಲ್ಲ. ಕೈ ಮುಗಿದು ನಿಂತವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಹಾಳು ಕಾಲು ಯಾವಾಗ ಬಿಡುತ್ತದೆ?

ಆಷಾಢ ಬಂತು. ಓಣಿಯವರು ವಿಶಾಖಪಟ್ಟಣದ ಬಳಿಯ ಸಿಂಹಾಚಲಂನ ಗಿರಿಪ್ರದಕ್ಷಿಣೆಗೆ ಹೊರಟರು. ಬೆಟ್ಟದ ಸುತ್ತ ಬರಿಗಾಲಲ್ಲಿ ಸಂಜೆಯಿಂದ ಬೆಳಗಿನವರೆಗೆ ನಡೆಯುವ ವ್ರತ. ಮುಂದಾಳು ಯಾರಾಗಬೇಕೆಂದು ಚರ್ಚೆಯೇ ಆಗಲಿಲ್ಲ, ನಾನೇ. ಆಗುವುದಿಲ್ಲ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಒಂದು ಸುಳ್ಳಿಗೆ ಇಷ್ಟು ದೂರ ನಡೆಯುವ ಶಕ್ತಿಯಿದೆ ಎಂದು ನನಗೆ ತಿಳಿದಿರಲಿಲ್ಲ, ಕಾಲಿಗಂತೂ ಇರಲಿಲ್ಲ.

ವಿಶಾಖಪಟ್ಟಣದಲ್ಲಿ ನಮ್ಮ ಮಗಳು ಶ್ರುತಿಯ ಮನೆ. ಪ್ರದಕ್ಷಿಣೆಯ ದಿನ ಮಧ್ಯಾಹ್ನ ಎಲ್ಲರೂ ಅಲ್ಲೇ ಸೇರಿದರು. ಹೊರಡುವ ಮುನ್ನ ಮುಂದಾಳುವಿಗೆ ನಮಸ್ಕಾರ ಮಾಡಬೇಕೆಂದು ಯಾರೋ ಹೇಳಿದರು. ನಾನು ಬೇಡವೆನ್ನುವುದರೊಳಗೆ ನನಗಿಂತ ಹಿರಿಯರಾದ ವರಲಕ್ಷ್ಮಮ್ಮ ಬಗ್ಗಿ ನನ್ನ ಎರಡೂ ಪಾದ ಹಿಡಿದರು. ಹಿಡಿದವರು ಬಿಡಲಿಲ್ಲ.

"ಇದೇನಂಡಿ, ಒಂದು ಪಾದ ಬೆಚ್ಚಗಿದೆ. ಇನ್ನೊಂದು ಐಸು."

ಶ್ರುತಿ ಬಂದು ಮುಟ್ಟಿ ನೋಡಿದಳು. ಬಲಗಾಲಿನ ಕೂದಲು ಉದುರಿ ಚರ್ಮ ಮಿರುಗುತ್ತಿತ್ತು. ಹೆಬ್ಬೆರಳ ಬದಿಗೆ ಮಾಯದ ಒಂದು ಗಾಯ. ಸಕ್ಕರೆ ಕಾಯಿಲೆಯವನ ಕಾಲು, ನಾನೇ ನೋಡಿಕೊಂಡಿರಲಿಲ್ಲ. ಮುಚ್ಚಿಡುವುದು ಬಿಟ್ಟರೆ ಕಾಲುಚೀಲಕ್ಕೆ ಈ ಪ್ರಪಂಚದಲ್ಲಿ ಬೇರೇನು ಕೆಲಸ?

"ಅಪ್ಪಾ, ನೀವು ಎಲ್ಲೂ ನಡಿಯೂದಿಲ್ಲ," ಎಂದಳು.

ಓಣಿಯವರು ಬೆಟ್ಟದ ಕಡೆ ಹೋದರು. ನಾವು ಆಸ್ಪತ್ರೆಯ ಕಡೆ.

ಡಾಕ್ಟರು ತುಮಕೂರಿನ ಹುಡುಗಿ. ತೆಲುಗಿನವರಾಗಿದ್ದರೆ ಅರ್ಥವಾಗದವನಂತೆ ಕೂತುಬಿಡುತ್ತಿದ್ದೆ. ಅಚ್ಚ ಕನ್ನಡದಲ್ಲಿ "ಅಂಕಲ್, ಪ್ಯಾಂಟ್ ಮೇಲಕ್ಕೆ ಮಡಚಿ ಮಲಕ್ಕೊಳ್ಳಿ" ಎಂದರೆ ಅಡಗುವುದೆಲ್ಲಿ? ಎರಡೂ ತೋಳಿಗೆ ಬಿಪಿ ಪಟ್ಟಿ ಕಟ್ಟಿದರು. ಆಮೇಲೆ ಎರಡೂ ಕಾಲಿನ ಗಿಣ್ಣಿನ ಮೇಲೆ ಕಟ್ಟಿದರು. ಎಷ್ಟೋ ವರ್ಷದಿಂದ ಬಿಪಿ ನೋಡಿಸಿಕೊಂಡಿದ್ದೆ, ಕಾಲಿಗೂ ಬಿಪಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ತಣ್ಣನೆಯ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಇಟ್ಟಾಗ ಕೈಯಲ್ಲಿ ರಕ್ತ ಕುದುರೆ ಓಡಿದಂತೆ ಸದ್ದು ಮಾಡಿತು. ಬಲಗಾಲಿನಲ್ಲಿ ಸಭೆಗೆ ತಡವಾಗಿ ಬಂದವನು ಕೆಮ್ಮಿದಂತಿತ್ತು.

"ಕಾಲಿನ ಪ್ರೆಶರನ್ನ ಕೈ ಪ್ರೆಶರ್‌ನಿಂದ ಭಾಗಿಸ್ತೀವಿ ಅಂಕಲ್. ಒಂದರ ಹತ್ತಿರ ಬರಬೇಕು. ನಿಮ್ಮ ಎಡಗಾಲು ಪರವಾಗಿಲ್ಲ. ಬಲಗಾಲು ಪಾಯಿಂಟ್ ಫೈವ್ ಎಯ್ಟ್. ರಕ್ತನಾಳ ಕಟ್ಟಿಕೊಳ್ತಿದೆ. ಪೆರಿಫೆರಲ್ ಆರ್ಟರಿ ಡಿಸೀಸ್."

ಹೆಡ್ ಆಫೀಸು ಮಂಜೂರು ಮಾಡಿದ್ದು ಬ್ರಾಂಚಿಗೆ ತಲುಪುತ್ತಿಲ್ಲ, ಅಷ್ಟು ಅರ್ಥವಾಯಿತು.

"ಈ ಗಾಯ ಇಟ್ಕೊಂಡು ರಾತ್ರಿಯಿಡೀ ಬರಿಗಾಲಲ್ಲಿ ನಡೆದಿದ್ರೆ ಕಾಲು ಉಳಿಸೋದು ಕಷ್ಟ ಆಗ್ತಿತ್ತು. ನಡೀವಾಗ ನೋವು ಬಂದು, ನಿಂತ್ರೆ ಹೋಗ್ತಿರಲಿಲ್ವಾ? ಆಗೇನು ಮಾಡ್ತಿದ್ರಿ?"

ನಾನು ಛಾವಣಿ ನೋಡಿದೆ. ಪದ್ಮಾ ನನ್ನನ್ನು ನೋಡಿದಳು.

"ಅಂದ್ರ ಅದು ಭಕ್ತಿ ಅಲ್ಲ?"

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸ್ಕ್ಯಾನ್ ಆಯಿತು, ಮಾತ್ರೆಗಳಾದವು, ಗಾಯಕ್ಕೆ ದಿನವೂ ಡ್ರೆಸ್ಸಿಂಗ್ ಆಯಿತು. ಸ್ಟೆಂಟ್ ಸದ್ಯಕ್ಕೆ ಬೇಡವೆಂದರು. ಗಾಯ ಮಾಗಿದ ಮೇಲೆ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಚಿಕಿತ್ಸೆ ಓದಿ ನನಗೆ ತಲೆ ಎತ್ತಲಾಗಲಿಲ್ಲ: ದಿನವೂ ನಡೆಯಬೇಕು, ನೋವು ಬರುವವರೆಗೆ. ನಿಲ್ಲಬೇಕು, ಹೋಗುವವರೆಗೆ. ಮತ್ತೆ ನಡೆಯಬೇಕು.

ಇಷ್ಟು ದಿನ ಕದ್ದು ಮಾಡಿದ್ದಕ್ಕೆ ಈಗ ವೈದ್ಯರ ಅಪ್ಪಣೆ.

ಪಟಮಟಕ್ಕೆ ಮರಳಿದ ಮೇಲೆ ನಿಂತಾಗ ಕೈ ಮುಗಿಯುವುದನ್ನು ಬಿಟ್ಟೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ವರಲಕ್ಷ್ಮಮ್ಮ ಜೊತೆಯಾದರು. ಬೇವಿನ ಮರದ ಹತ್ತಿರ ಕಾಲು ಹಿಡಿಯಿತು. ನಿಂತೆ. ಹೇಳಿಬಿಟ್ಟೆ. ನಾನು ಭಕ್ತನಲ್ಲ, ನಿಲ್ಲುತ್ತಿದ್ದದ್ದು ಕಾಲಿಗಾಗಿ, ನಿಮ್ಮ ತಂಗಿಯ ಮಾತನ್ನು ನಾನು ಯಾರ ಕಿವಿಗೂ ಹಾಕಲಿಲ್ಲ, ಅವರ ಹೆಸರನ್ನೂ ನಿಮ್ಮಲ್ಲಿ ಕೇಳಿರಲಿಲ್ಲ.

ಅವರ ಮುಖ ಸಣ್ಣಗಾಯಿತು. ಸೆರಗು ಸರಿಮಾಡಿಕೊಂಡರು. ಹೊರಟೇ ಹೋಗುತ್ತಾರೆಂದುಕೊಂಡೆ. ನನ್ನ ಪಾದ ಹಿಡಿದ ಆ ಕೈಗಳನ್ನು ನೋಡಲಾಗದೆ ನೆಲ ನೋಡುತ್ತಿದ್ದೆ.

"ಈಗಲೂ ನಿಲ್ಲಲೇಬೇಕಂತಲ್ಲಾ ಡಾಕ್ಟರು ಹೇಳಿದ್ದು?" ಎಂದರು ಕೊನೆಗೆ.

"ಹೌದು."

"ಹೇಗೂ ನಿಂತಿದ್ದೀರಿ. ಹೇಳಿ. ಅವಳ ಹೆಸರು ಸತ್ಯವತಿ."

ಕಣ್ಣು ಮುಚ್ಚಿದೆ. ಹೇಳಿದೆ. ಕೇಳಿಸಿಕೊಳ್ಳುವವರು ಇದ್ದಾರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ; ಪಕ್ಕದಲ್ಲಿ ಒಬ್ಬರಂತೂ ಇದ್ದರು.

ಕಾಲಿನ ನೋವು ಇಳಿಯಿತು. ಆಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ.