ಬಣ್ಣದ ಕಾರ್ಖಾನೆಯ ಮೀನಣ್ಣ

ಮೀನಣ್ಣನ ಪ್ಯಾಂಟಿನ ಜೇಬು ಒಡೆದು ಎರಡು ಮೀನು ಹೊರಬಿದ್ದ ದಿನ ಕಾರ್ಖಾನೆಗೆ ದೊಡ್ಡ ಬ್ಯಾಂಕೊಂದರ ಆರು ಜನ ಬಂದಿದ್ದರು. ಜೇಬು ಎಲ್ಲಾದರೂ ಒಡೆಯುತ್ತದೆಯೇ ಎಂದು ಕೇಳಬೇಡಿ. ಒಡೆದದ್ದು ಜೇಬಿನೊಳಗಿದ್ದ, ರಬ್ಬರ್ ಬ್ಯಾಂಡ್ ಹಾಕಿ ಬಿಗಿದ ಪ್ಲಾಸ್ಟಿಕ್ ಚೀಲ. ಬಂದವರಲ್ಲಿ ಹಿರಿಯರೊಬ್ಬರು ಸ್ವಾಗತ ಕೋಣೆಯ ಗಾಜಿನ ತೊಟ್ಟಿಯನ್ನು ನೋಡಿ ಉಬ್ಬಿಹೋಗಿ, "ಇದನ್ನೆಲ್ಲ ನೋಡಿಕೊಳ್ಳೋರು ನೀವೇನಾ!" ಎಂದು ಮೀನಣ್ಣನ ಕೈ ಕುಲುಕಿದರು. ಅದೂ ಸಾಲದೆ ಹೆಗಲು ಹಿಡಿದು ಅಪ್ಪಿಕೊಂಡರು. ಆ ಅಪ್ಪುಗೆಗೂ ಮೇಜಿನ ಅಂಚಿಗೂ ನಡುವೆ ಸಿಕ್ಕ ಚೀಲ 'ಟಪ್' ಎಂದಿತು. ನೀರು ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕಾಲುಚೀಲಕ್ಕೆ ಆತುರವಿಲ್ಲದೆ ಇಳಿಯಿತು. ಐವತ್ತೆರಡು ವರ್ಷದ ಗಂಡಸಿನ ಪ್ಯಾಂಟು ಹಾಗೆ ಒದ್ದೆಯಾದಾಗ ಸಭ್ಯರಾದವರು ಏನು ಮಾಡಬೇಕೋ ಆರು ಜನವೂ ಅದನ್ನೇ ಮಾಡಿದರು: ಗೋಡೆಯ ಕ್ಯಾಲೆಂಡರ್ ನೋಡಿದರು. ಅಷ್ಟರಲ್ಲಿ ಕಿತ್ತಳೆ ಬಣ್ಣದ ಮೀನೊಂದು ಪ್ಯಾಂಟಿನ ಕಾಲಿನೊಳಗಿಂದ ಜಾರಿ, ಕನ್ನಡಿಯಂತೆ ಒರೆಸಿದ್ದ ನೆಲದ ಮೇಲೆ ಬಿದ್ದು ಪಟಪಟನೆ ಬಡಿದುಕೊಂಡಿತು. ಅದರ ಹಿಂದೆಯೇ ಇನ್ನೊಂದು.

"ನಮ್ಮವರಿಗೆ ಮೀನು ಅಂದ್ರೆ ಪ್ರಾಣ," ಎಂದರು ಮ್ಯಾನೇಜರ್ ಒಂದು ಕ್ಷಣವೂ ತಡಮಾಡದೆ. "ಎಲ್ಲಿ ಹೋದ್ರೂ ಜೊತೇಲಿ ಇಟ್ಕೊಂಡೇ ಓಡಾಡ್ತಾರೆ."

ಎಲ್ಲರೂ ಮನಸಾರೆ ನಕ್ಕರು. ಮೀನಣ್ಣ ಮೊಣಕಾಲೂರಿ ಮೀನು ಹಿಡಿಯುತ್ತಾ ಕಿವಿ ನಿಮಿರಿಸಿಕೊಂಡೇ ಇದ್ದ. ಆರು ಜನ ಓದಿದವರು, ಲೆಕ್ಕ ಬಲ್ಲವರು. ಒಬ್ಬರಾದರೂ 'ತೊಟ್ಟಿಯಲ್ಲಿ ಮೀನಿರುವಾಗ ಜೇಬಿನಲ್ಲಿ ಯಾಕಪ್ಪಾ ಮೀನು?' ಎಂದು ಕೇಳಿಯಾರು ಎಂದು. ಯಾರೂ ಕೇಳಲಿಲ್ಲ. ಚಹಾ ಬಂತು, ಹೊರಟುಹೋದರು. ಪ್ಯಾಂಟು ಮಧ್ಯಾಹ್ನದ ಹೊತ್ತಿಗೆ ಒಣಗಿತು.

ಅವನ ಹುದ್ದೆಯ ಹೆಸರು, ಕಾಗದದ ಮೇಲೆ, 'ಜಲಜೀವಿ ಸಹಾಯಕ'. ಮೊದಲು ಅದೇ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಬೆರೆಸುತ್ತಿದ್ದ. ಹದಿನೆಂಟು ವರ್ಷ ಕೊಪ್ಪರಿಗೆಯಲ್ಲಿ ಕೋಲು ತಿರುಗಿಸಿ ಭುಜ ಸೋತ ಮೇಲೆ ಕಂಪನಿ ಅವನನ್ನು ಕೈಬಿಡಲಿಲ್ಲ. ಕೈಗೆ ಒಂದು ಮೀನಿನ ಬಲೆ ಕೊಟ್ಟಿತು. ಸ್ವಾಗತ ಕೋಣೆಯ ತೊಟ್ಟಿಯಲ್ಲಿ ಹನ್ನೆರಡು ಮೀನು, ಅದರ ಮೇಲೆ ಹಿತ್ತಾಳೆ ಫಲಕ: 'ನಮ್ಮ ಕಾರ್ಖಾನೆಯಿಂದ ಹೊರಹೋಗುವ ನೀರಿನಲ್ಲಿ ಈ ಮೀನುಗಳು ಸುಖವಾಗಿ ಬಾಳುತ್ತಿವೆ.' ಬಾಳುತ್ತಿದ್ದದ್ದು ನಿಜ. ಎಷ್ಟು ಹೊತ್ತು ಎಂದು ಫಲಕದಲ್ಲಿ ಬರೆದಿರಲಿಲ್ಲ. ದಿನಕ್ಕೆ ಎರಡು ಹೊಟ್ಟೆ ಮೇಲೆ ಮಾಡುತ್ತಿದ್ದವು, ಗಾಢ ನೀಲಿಯ ಆರ್ಡರ್ ಇದ್ದ ದಿನ ನಾಲ್ಕು. ಅತಿಥಿಗಳು ಗೋಡೆಯ ನಕ್ಷೆ ನೋಡುವ ಎರಡು ನಿಮಿಷದಲ್ಲಿ ಸತ್ತದ್ದನ್ನು ಎತ್ತಿ ಬದುಕಿದ್ದನ್ನು ಬಿಡಬೇಕು. ಮಿಕ್ಕವರು ಮೀನಮೇಷ ಎಣಿಸಬಹುದು. ಮೀನಣ್ಣನಿಗೆ ಮೀನು ಎಣಿಸಲೂ ಪುರುಸೊತ್ತಿರಲಿಲ್ಲ. ಅದಕ್ಕೇ ಜೇಬಿನಲ್ಲಿ ಚೀಲ.

ಹಾಗಂತ ಕಾರ್ಖಾನೆಯಲ್ಲಿ ಕೊಳೆ ನೀರನ್ನು ಶುದ್ಧ ಮಾಡುವ ಯಂತ್ರ ಇರಲಿಲ್ಲವೆಂದಲ್ಲ. ಹಿಂದಿನ ಗೋಡೆಗೆ ತಾಗಿದ ಶೆಡ್ಡಿನಲ್ಲಿ ಹಸಿರು ಬಣ್ಣ ಬಳಿದ ದೊಡ್ಡ ಪ್ಲಾಂಟೇ ಇತ್ತು. ಉದ್ಘಾಟನೆಯ ಫೋಟೊ ಕೂಡ ಇತ್ತು. ಓಡಿಸಿದರೆ ಕರೆಂಟು ಕುಡಿಯುತ್ತದೆ ಎಂದು ಬೀಗ ಹಾಕಿದ್ದರು. ಕರೆಂಟು ಯಂತ್ರ ಕುಡಿಯಬಾರದು, ನೀರು ಬೇಕಾದರೆ ಜನ ಕುಡಿಯಲಿ ಎಂಬುದು ಒಟ್ಟು ನೀತಿ.

ಜೇಬು ಒಡೆದ ಮರುದಿನ ಮ್ಯಾನೇಜರ್ ಮೀನಣ್ಣನನ್ನು ಒಳಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ, ಬೈಯಲಿಲ್ಲ. ಕೂರಿಸಿ ಮಾತಾಡಿದರು.

"ಹೀಗೆ ಎಷ್ಟು ದಿನ ಅಂತ ಜೇಬಲ್ಲಿ ತುಂಬ್ಕೊಂಡು ಓಡಾಡ್ತೀರಿ? ಇದಕ್ಕೊಂದು ಶಾಶ್ವತ ಪರಿಹಾರ ಮಾಡೋಣ."

ಮೀನಣ್ಣನ ಎದೆ ಹಗುರಾಯಿತು. "ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್. ಬೀಗ ತೆಗೆಸಿಬಿಟ್ರೆ..."

"ಬೀಗ ಬೇಡ. ನಾಳೆಯಿಂದ ತೊಟ್ಟಿಗೆ ಕ್ಯಾನ್ ನೀರು ಹಾಕ್ಸಿ. ಕುಡಿಯೋ ನೀರಿನ ಕ್ಯಾನ್. ವಾರಕ್ಕೆ ಹತ್ತು ಸಾಕಾ?"

ಅಂದಿನಿಂದ ಒಂದು ಮೀನೂ ಸಾಯಲಿಲ್ಲ. ದುಂಡುದುಂಡಗಾದವು, ಮೈ ಮಿರಮಿರ ಮಿಂಚಿತು. ಫಲಕ ಮಾತ್ರ ಹಾಗೇ ಇತ್ತು. ಮೀನಣ್ಣ ದಿನಾ ಬೆಳಿಗ್ಗೆ ಹಿತ್ತಾಳೆಗೆ ಪಾಲಿಶ್ ಹಾಕುತ್ತಾ, ಸುಳ್ಳನ್ನು ಎಷ್ಟು ಉಜ್ಜಿದರೂ ಹೊಳಪೇ ಹೆಚ್ಚುತ್ತದಲ್ಲ ಎಂದು ಹಲ್ಲು ಕಡಿಯುತ್ತಿದ್ದ.

ಕಡಿಯಲು ಕಾರಣವಿತ್ತು. ಕಾರ್ಖಾನೆಯ ಹಿಂದಿನ ಗೋಡೆಯ ಆಚೆ ಅವನ ಅಕ್ಕನ ಮನೆ. ಅಕ್ಕ ಹೊಲಿಗೆಯವಳು. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿದು, ಒಗೆದು, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಅಂಗಳದಲ್ಲಿ ಬಾವಿ, ಬಾವಿಯಲ್ಲಿ ಸಮೃದ್ಧ ನೀರು, ನೀರಿನಲ್ಲಿ ಕಾರ್ಖಾನೆ. ಮೀನಣ್ಣ ಮಧ್ಯಾಹ್ನ ಅಲ್ಲೇ ಊಟಕ್ಕೆ ಹೋಗುತ್ತಿದ್ದ. ಊಟಕ್ಕೆ ಮೊದಲು ಮಂಗಳಾರತಿ.

"ಏನೋ, ಈ ವಾರ ಕೆಂಪು ಆರ್ಡರ್ ಬಂದಿದೆಯಾ?"

"ನಿಂಗೆ ಹೇಗೆ ಗೊತ್ತಾಯ್ತು?"

"ಬಾವಿ ನೋಡ್ಕೊಂಡು ಬಾ. ನಿಮ್ಮ ಮಾರಾಟದವರಿಗಿಂತ ಎರಡು ದಿನ ಮೊದಲೇ ನಂಗೆ ಗೊತ್ತಾಗುತ್ತೆ. ಹೋದ ತಿಂಗಳು ನಾಲ್ಕು ಡಾಕ್ಟರ ಕೋಟು ಗುಲಾಬಿ ಆಯ್ತು ಕಣೋ. ನರ್ಸು ಫೋನ್ ಮಾಡಿ, 'ಇದೇನು ಹೊಸ ಫ್ಯಾಷನ್ನಾ' ಅಂತ ಕೇಳಿದ್ಲು."

ಕುಡಿಯಲು ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತಿತ್ತು. ಒಗೆಯಲು ಬರುತ್ತಿರಲಿಲ್ಲ. ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು: ಇನ್ನೊಂದು ಸಲ ಬಣ್ಣ ಹತ್ತಿದರೆ ಬೇರೆಯವರಿಗೆ ಕೊಡುತ್ತೇವೆ. ಮೀನಿಗೆ ತಮ್ಮ ಕ್ಯಾನ್ ನೀರು ಹಾಕುತ್ತಾನೆಂದು ತಿಳಿದ ದಿನ ಅಕ್ಕ ಅನ್ನ ಬಡಿಸುವ ಸೌಟನ್ನು ಕೆಳಗಿಟ್ಟು ಅವನನ್ನೇ ನೋಡಿದಳು.

"ನಾನು ನಿನ್ನ ಅಕ್ಕ ಆಗೋ ಬದಲು ನಿನ್ನ ಮೀನಾಗಬೇಕಿತ್ತು."

"ನಾನೇನು ಮಾಡ್ಲಿ ಅಕ್ಕಾ, ಅವರ ಉಪ್ಪು ತಿಂದಿದೀನಿ."

"ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ನೀನು ತಿಂದಿದ್ದಕ್ಕೆ ನಾನು ಯಾಕೋ ನೀರು ಕುಡೀಬೇಕು?"

ಮೀನಣ್ಣ ಕೆಳಗಿದ್ದ ಸೌಟು ಎತ್ತಿ ತಾನೇ ಅನ್ನ ಬಡಿಸಿಕೊಂಡ.

ಹಾಗಂತ ಕೈಕಟ್ಟಿ ಕೂತವನೂ ಅಲ್ಲ. ಕಾರ್ಖಾನೆಯ ಸಲಹಾಪೆಟ್ಟಿಗೆಗೆ 'ದಯವಿಟ್ಟು ಪ್ಲಾಂಟ್ ಶುರು ಮಾಡಿ' ಎಂದು ಹನ್ನೊಂದು ಚೀಟಿ ಹಾಕಿದ. ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ, 'ಮೌಲ್ಯಗಳ ಸಪ್ತಾಹ'ದಲ್ಲಿ ತೆರೆಯುತ್ತಿದ್ದರು. ಆ ಸಲ ಪ್ರಧಾನ ಕಚೇರಿಯಿಂದ ಬಂದವರೊಬ್ಬರು ಚೀಟಿಗಳನ್ನು ಓದಿ, ಗಿಡಗಳ ಮೇಲೆ ಇಷ್ಟು ಕಾಳಜಿಯಿರುವ ಕಾರ್ಮಿಕನನ್ನು ತಾವು ಕಂಡೇ ಇಲ್ಲವೆಂದು ಚಪ್ಪಾಳೆ ತಟ್ಟಿಸಿ, ಮೀನಣ್ಣನಿಗೆ ಕುಂಡದಲ್ಲಿ ಒಂದು ಗಿಡ ಕೊಟ್ಟರು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವರಿಗೆ ಯಾವ ಪ್ಲಾಂಟು ಎಂದು ಚೆನ್ನಾಗಿ ಗೊತ್ತಿತ್ತು. ಗಿಡ ಮನೆಗೆ ಬಂತು. ಬಾವಿ ನೀರು ಹಾಕಿದ ಮೇಲೆ ಹೋಯಿತು.

ನಗರಸಭೆಗೂ ಹೋದ. ಅಲ್ಲಿಯ ಗುಮಾಸ್ತ, ನೀರು ಕೆಂಪಾಗಿದ್ದರೆ ಆರೋಗ್ಯ ವಿಭಾಗ, ಬಾವಿ ಕೆಂಪಾಗಿದ್ದರೆ ಕಟ್ಟಡ ವಿಭಾಗ ಎಂದ. ಎರಡೂ ಕೆಂಪಾಗಿದ್ದರೆ? ಎರಡು ಅರ್ಜಿ. ಮೀನಣ್ಣ ಎರಡೂ ಬರೆದುಕೊಟ್ಟ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಗ ಬಂತು ಸರ್ಟಿಫಿಕೇಟಿನ ಸುದ್ದಿ. ಹೊರದೇಶದ ಅಂಗಡಿಗಳು ಈಗೀಗ ಬಟ್ಟೆ ಕೊಳ್ಳುವ ಮುಂಚೆ 'ಈ ಕಾರ್ಖಾನೆ ನೆರೆಹೊರೆಗೆ ಒಳ್ಳೆಯದೇ?' ಎಂದು ಕೇಳುತ್ತಿದ್ದವಂತೆ. ಕಂಪನಿಯೇ ಊರವರನ್ನು ಕೇಳಿದ್ದರೆ ಅರ್ಧ ದಿನದ ಕೆಲಸ. ಅದರ ಬದಲು ಬೇರೊಂದು ಸಂಸ್ಥೆಯಿಂದ ಪರೀಕ್ಷಕರನ್ನು ಕರೆಸಿತು. ಒಮ್ಮೆ 'ನೆರೆಹೊರೆಯ ಮಿತ್ರ' ಎಂಬ ಸರ್ಟಿಫಿಕೇಟ್ ಸಿಕ್ಕರೆ ಮೂರು ವರ್ಷ ಯಾರೂ ಬಂದು ನೋಡುವುದಿಲ್ಲ.

"ಮೂರು ವರ್ಷ!" ಎಂದಳು ಅಕ್ಕ. "ಮೂರು ವಾರ ಆಸ್ಪತ್ರೆಯವರು ತಡ್ಕೊಂಡ್ರೆ ಹೆಚ್ಚು. ಆ ಬರೋವ್ರ ಮುಂದೆ ನೀನು ಹೇಳ್ತೀಯಾ, ಇಲ್ಲ ನಾನೇ ಒಂದು ಬಿಂದಿಗೆ ತಂದು ಅವರ ತಲೆ ಮೇಲೆ ಸುರೀಲಾ?"

"ಹೇಳ್ತೀನಿ."

"ಏನು ಹೇಳ್ತೀಯ?"

"ಇದ್ದದ್ದು ಇದ್ದ ಹಾಗೆ."

"ಅವರು ಕೇಳಿದ್ರೆ ಹೇಳ್ತೀಯೋ, ಕೇಳದೇ ಇದ್ರೂ ಹೇಳ್ತೀಯೋ?"

ಅಕ್ಕನಿಗೆ ತಮ್ಮ ಗೊತ್ತು. ಮೀನಣ್ಣ "ಕೇಳದಿದ್ರೂ," ಎಂದ.

ಪರೀಕ್ಷಕರು ಒಬ್ಬರೇ ಬಂದರು. ಕನ್ನಡಕ, ದಣಿದ ಮುಖ, ಕೈಯಲ್ಲಿ ಅರವತ್ತನಾಲ್ಕು ಪ್ರಶ್ನೆಗಳ ಫಾರಂ. ಇಡೀ ಕಾರ್ಖಾನೆ ಅವರನ್ನು 'ಸರ್ಟಿಫಿಕೇಟ್ ಮೇಡಂ' ಎಂದಿತು. ತೊಟ್ಟಿಯ ಮುಂದೆ ನಿಂತು ಮೀನಣ್ಣನನ್ನು ಕೇಳಿದರು: ಮೀನಿಗೆ ದಿನಕ್ಕೆಷ್ಟು ಸಲ ಆಹಾರ? ನಿಮಗೆ ವಾರದ ರಜೆ ಸಿಗುತ್ತಾ? ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡುತ್ತೀರಿ? ಅವನು ಒಂದೊಂದಕ್ಕೂ ಉತ್ತರ ಹೇಳಿದ. ಅವರು ಗೀಟು ಹಾಕಿಕೊಂಡು ಹಾಳೆ ತಿರುವಿದರು. ಬೇಕಾದ ಪ್ರಶ್ನೆ ಆ ಹಾಳೆಯಲ್ಲೂ ಇರಲಿಲ್ಲ, ಈ ಹಾಳೆಯಲ್ಲೂ ಇರಲಿಲ್ಲ. ಫಾರಂ ಮುಚ್ಚುವ ಹೊತ್ತಿಗೆ ಮೀನಣ್ಣನ ಬಾಯಿ ತಾನೇ ತೆರೆದುಕೊಂಡಿತು.

"ಮೇಡಂ, ಇದು ಕ್ಯಾನ್ ನೀರು."

ಮ್ಯಾನೇಜರ್ ನಕ್ಕರು. "ಬೇಸಿಗೇಲಿ ಸ್ವಲ್ಪ ಸೇರಿಸ್ತೀವಿ ಮೇಡಂ, ತಂಪಿರಲಿ ಅಂತ."

"ಸ್ವಲ್ಪ ಅಲ್ಲ ಮೇಡಂ, ಪೂರ್ತಿ. ಫಲಕದಲ್ಲಿರೋದು ಸುಳ್ಳು. ಕಾರ್ಖಾನೆ ನೀರಲ್ಲಿ ಮೀನು ದಿನಾ ಸಾಯ್ತಿದ್ವು. ಗೋಡೆ ಹಿಂದಿನ ಬಾವಿಗಳೆಲ್ಲ ಹಾಳಾಗಿವೆ."

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮೀನಿನ ಮುಳ್ಳು ಹೊರಬಂದಂತಾಯಿತು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿ, ಅವನನ್ನು ನೇರ ನೋಡಿದರು. ಅವನ ಕೆಲಸದ ಬದುಕಿನಲ್ಲಿ ಯಾರಾದರೂ ಹಾಗೆ ನೋಡಿದ್ದು ಅದೇ ಮೊದಲು.

"ಸರಿ. ನೀರು ಹೊರಗೆ ಹೋಗೋ ಜಾಗ ತೋರಿಸಿ. ಒಂದು ಬಕೆಟ್ ತನ್ನಿ. ಒಂದು ಮೀನೂ ತನ್ನಿ."

ಮ್ಯಾನೇಜರ್ "ಅದಕ್ಕೇನಂತೆ, ಬನ್ನಿ," ಎಂದು ತಾವೇ ಮುಂದೆ ನಡೆದರು. ಅಷ್ಟು ಸಲೀಸಾಗಿ ಒಪ್ಪಿದ್ದು ಯಾಕೆಂದು ಮೀನಣ್ಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಯಾವ ಮೀನು ತರಲಿ ಎಂಬುದೇ ಅವನಿಗೆ ದೊಡ್ಡ ಕಷ್ಟವಾಗಿತ್ತು. ಕೊನೆಗೆ ಎಲ್ಲರ ಆಹಾರಕ್ಕೂ ಬಾಯಿ ಹಾಕುವ ಪುಂಡ ಮೀನೊಂದನ್ನು ಆರಿಸಿ, ಲೋಟದಲ್ಲಿ ಹಿಡಿದು, "ಅಕ್ಕನಿಗೋಸ್ಕರ ಕಣೋ, ಬೇಜಾರು ಮಾಡ್ಕೋಬೇಡ," ಎಂದು ಅದಕ್ಕೆ ಹೇಳಿ ಹೊರಟ.

ಹಿಂದಿನ ಗೋಡೆಯ ಕೊಳವೆಯ ಬಾಯಿಗೆ ಬಕೆಟ್ ಹಿಡಿದಾಗ ನೀರು ತಿಳಿಯಾಗಿ ಬಂತು. ಮೀನಣ್ಣನಿಗೆ ಗಾಬರಿಯಾಗಲಿಲ್ಲ. ಬಟ್ಟೆ ಬಿಳುಪು ಮಾಡುವ ದಿನ ನೀರು ಹೀಗೇ ತಿಳಿಯಾಗಿ ಕಾಣುತ್ತದೆ, ಆದರೆ ಆ ಮದ್ದಿಗೆ ಮೀನು ಹತ್ತೇ ನಿಮಿಷದಲ್ಲಿ ಹೋಗುತ್ತದೆ. ಮುಖ ಆಚೆ ತಿರುಗಿಸಿ ಲೋಟ ಬಗ್ಗಿಸಿದ.

ಮೇಡಂ ಗಡಿಯಾರ ನೋಡಿದರು. ಐದು ನಿಮಿಷ. ಮೀನು ಬಕೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಹತ್ತು ನಿಮಿಷ. ಇನ್ನೊಂದು ಹಾಕಿತು. ಕಾಲು ಗಂಟೆಯಾದಾಗ ಮೇಲೆ ಬಂದು ಬಾಯಿ ತೆರೆದು ಆಹಾರ ಕೇಳಿತು.

ಆಗ ಮೀನಣ್ಣನ ಕಿವಿಗೆ ಗುಂಯ್ ಎಂಬ ಸದ್ದು ಬಿತ್ತು. ಅಷ್ಟು ಹೊತ್ತೂ ಇದ್ದ ಸದ್ದೇ. ತಿರುಗಿ ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಬೀಗವಿಲ್ಲ. ಒಳಗೆ ಹಸಿರು ಯಂತ್ರ ತಿರುಗುತ್ತಿತ್ತು. ಚಿಲಕಕ್ಕೆ ಹಾಕಿದ ಹೊಸ ಎಣ್ಣೆ ಸೋರಿ ನೆಲದ ಮೇಲೆ ಮೂರು ದಿನದ ಧೂಳಿನೊಂದಿಗೆ ಅಂಟಾಗಿತ್ತು. ಒಂದು ದಿನದ ಪರೀಕ್ಷೆಗೆ ಮೂರು ದಿನದ ಓದು.

"ನಮ್ಮಲ್ಲಿ ಯಾವತ್ತೂ ಹೀಗೇ ಮೇಡಂ," ಎಂದರು ಮ್ಯಾನೇಜರ್, ದನಿಯಲ್ಲಿ ಒಂದಿಷ್ಟೂ ಕಹಿಯಿಲ್ಲದೆ. "ಇವರು ಹಳಬರು. ಭುಜ ನೋವು, ಮನೇಲಿ ತಾಪತ್ರಯ. ಏನೋ ಬಾಯಿ ತಪ್ಪಿ ಅಂದ್ರು. ನಾವು ಮನಸ್ಸಿಗೆ ಹಚ್ಕೊಳ್ಳಲ್ಲ."

ಮೇಡಂ ಬಗ್ಗಿ ಬಕೆಟ್ಟಿನೊಳಗೆ ನೋಡಿದರು, ಕೊಳವೆ ನೋಡಿದರು, ಕೊನೆಗೆ ಮೀನಣ್ಣನನ್ನು ನೋಡಿದರು. ನೋಟದಲ್ಲಿ ಮೊದಲಿನ ಆಸಕ್ತಿ ಇಳಿದು, ಮತ್ತದೇ ದಣಿವು ಏರುತ್ತಿತ್ತು. ಮೀನಣ್ಣನ ತಲೆಯಲ್ಲಿ ಹೇಳಬೇಕಾದದ್ದೆಲ್ಲ ಒಂದರ ಮೇಲೊಂದು ಹತ್ತಿ ಬರುತ್ತಿತ್ತು: ಬೀಗ, ಕರೆಂಟು, ಹನ್ನೊಂದು ಚೀಟಿ, ಗುಲಾಬಿ ಕೋಟು. ಎದುರಿಗೆ ಮೀನು ಬಾಲ ಆಡಿಸುತ್ತಿತ್ತು. ಗೋಡೆಯ ಆಚೆ ಅಕ್ಕನ ಹೊಲಿಗೆ ಯಂತ್ರದ ಟಕಟಕ ಕೇಳಿಸುತ್ತಿತ್ತು.

"ನೀವೇ ನೋಡಿದ್ರಲ್ಲ," ಎಂದರು ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಈಗೇನು ಹೇಳ್ತೀರಿ?"

ಮೀನಣ್ಣ ಹಣೆ ಒರೆಸಿಕೊಂಡ.

"ಮೇಡಂ, ನೀವು ಇನ್ನೊಂದು ಅರ್ಧ ಗಂಟೆ ಇಲ್ಲೇ ಇರ್ತೀರಾ? ನೀವಿದ್ದಷ್ಟು ಹೊತ್ತು ನೀರು ಹೀಗೇ ಬರುತ್ತೆ. ನಮ್ಮಕ್ಕನಿಗೆ ಕೂಗಿ ಹೇಳ್ತೀನಿ, ಕೋಟೆಲ್ಲ ತಂದು ಒಗ್ಕೊಂಡು ಹೋಗ್ಲಿ."